ಹಿಂದೆ ಬಿದ್ದವನೇ ನಾಯಕನಾದರೆ ಮಗ ಕಲಿಯುವುದೇನು?

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನ ಹಳ್ಳಿಯವರು, ಅಡಿಕೆ ತೋಟವಿದೆ. ಮಗ ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಮೊದಲ ಪಿಯುಸಿ ಓದುತ್ತಿದ್ದಾನೆ. ಸಹಪಾಠಿ ಹುಡುಗಿಯೊಬ್ಬಳು ಬೇಡವೆಂದರೂ ಬಸ್ ನಿಲ್ದಾಣದಿಂದ ಕಾಲೇಜಿನವರೆಗೆ ದಿನವೂ ಅವಳ ಹಿಂದೆ ಹೋಗುತ್ತಿದ್ದಾನೆಂದು ಕಾಲೇಜಿನವರು ನಮ್ಮನ್ನು ಕರೆಸಿದರು. ಕೇಳಿದರೆ, ‘ಅವಳಿಗೂ ಇಷ್ಟ ಇದೆ, ಸುಮ್ಮನೆ ಹಾಗಂತಾಳೆ’ ಎನ್ನುತ್ತಾನೆ. ಅವನ ಮೊಬೈಲಿನಲ್ಲಿ ನೋಡಬಾರದ ವಿಡಿಯೊಗಳೂ ಇದ್ದವು. ಸಿನಿಮಾ, ಮೊಬೈಲುಗಳೇ ಹುಡುಗನನ್ನು ಕೆಡಿಸಿದ್ದು ಎಂದು ನಮ್ಮ ಯಜಮಾನರು ಮೊಬೈಲ್ ಕಿತ್ತಿಟ್ಟಿದ್ದಾರೆ. ಏಳನೆಯ ತರಗತಿಯಲ್ಲಿರುವ ಮಗಳು ಅಜ್ಜಿಯ ಜೊತೆ ಕೂತು ಧಾರಾವಾಹಿ ನೋಡುವುದು ಬಿಟ್ಟರೆ ಬೇರೆ ಗೋಜಿಗೆ ಹೋಗುವವಳಲ್ಲ, ಹಾಗಾಗಿ ಅವಳ ಚಿಂತೆ ನಮಗಿಲ್ಲ. ಲೈಂಗಿಕತೆಯ ವಿಷಯದಲ್ಲಿ ಈ ಮಾಧ್ಯಮಗಳು ಮಕ್ಕಳ ಮನಸ್ಸನ್ನು ನಿಜಕ್ಕೂ ಇಷ್ಟು ಬದಲಿಸುತ್ತವೆಯೇ? ನಾವೀಗ ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಸಂಗತಿಗಳಿವೆ: ಬೇಡವೆಂದ ಹುಡುಗಿಯ ಹಿಂದೆ ಹೋದದ್ದು, ಮೊಬೈಲಿನಲ್ಲಿದ್ದ ವಿಡಿಯೊಗಳು, ಅಜ್ಜಿ ಮೊಮ್ಮಗಳ ಧಾರಾವಾಹಿ. ನಿಮ್ಮ ಮನೆಯಲ್ಲಿ ಗಾಬರಿ ಹುಟ್ಟಿಸಿ ಮೊಬೈಲ್ ಕಿತ್ತಿಡುವಂತೆ ಮಾಡಿದ್ದು ಎರಡನೆಯದು. ಮೊದಲನೆಯದು ಮರ್ಯಾದೆಯ ಪ್ರಶ್ನೆಯಾಯಿತು. ಮೂರನೆಯದು ಲೆಕ್ಕಕ್ಕೇ ಬರಲಿಲ್ಲ. ಹದಿಹರೆಯದವರನ್ನೂ ಅವರ ತಂದೆತಾಯಿಯರನ್ನೂ ಶಿವಮೊಗ್ಗದಲ್ಲಿ ಬಹುಕಾಲದಿಂದ ನೋಡುತ್ತ ಬಂದಿರುವ ಮನೋವೈದ್ಯನಾಗಿ ನನ್ನ ಲೆಕ್ಕ ಬೇರೆ. ಮೂರರಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು ಮೊದಲನೆಯದು, ಎರಡನೆಯದರ ಬಗ್ಗೆ ನೀವು ಚಿಂತಿಸಬೇಕಾದ ಕಾರಣ ನೀವು ಅಂದುಕೊಂಡದ್ದಲ್ಲ, ಮೂರನೆಯದನ್ನು ಹಾಗೆ ಬಿಟ್ಟುಬಿಡುವಂತಿಲ್ಲ. ಜನಪ್ರಿಯ ಮಾಧ್ಯಮ ಮಕ್ಕಳಲ್ಲಿ ಕಾಮವನ್ನು ಹುಟ್ಟಿಸುವುದಿಲ್ಲ. ಅದು ಹರೆಯದ ಕೆಲಸ, ಸಿನಿಮಾ ಮಂದಿರವಾಗಲಿ ವಿದ್ಯುತ್ತಾಗಲಿ ಇಲ್ಲದ ಕಾಲದಲ್ಲೂ ಅದು ತನ್ನ ಪಾಡಿಗೆ ನಡೆದಿತ್ತು. ಗಂಡು ಹೇಗೆ ನಡೆದುಕೊಳ್ಳಬೇಕು, ಹೆಣ್ಣು ಏನು ಹೇಳಿದರೆ ಏನೆಂದು ತಿಳಿಯಬೇಕು, ಯಾವುದು ಎಲ್ಲರೂ ಮಾಡುವಂಥದ್ದು ಎಂಬ ಎಣಿಕೆಯನ್ನು ಕಟ್ಟಿಕೊಡುವುದು ಮಾಧ್ಯಮದ ಕೆಲಸ. ಮನೆಯಲ್ಲೂ ಶಾಲೆಯಲ್ಲೂ ಈ ಮಾತನ್ನು ಯಾರೂ ಎತ್ತದಿದ್ದಾಗ ಆ ಎಣಿಕೆಗೆ ಎದುರು ಹೇಳುವವರೇ ಇರುವುದಿಲ್ಲ.

ಇದು ನನ್ನ ಊಹೆಯಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಜಾನ್ ಗ್ಯಾಗ್ನನ್ ಮತ್ತು ವಿಲಿಯಂ ಸೈಮನ್ 1973ರಲ್ಲಿ ಒಂದು ವಿಚಾರವನ್ನು ಮುಂದಿಟ್ಟರು. ಮನುಷ್ಯರ ಲೈಂಗಿಕ ನಡವಳಿಕೆ ಬರೀ ದೇಹದ ಒತ್ತಡದಿಂದ ಹೊರಡುವುದಲ್ಲ. ಯಾರು ಮೊದಲು ಮಾತಾಡಬೇಕು, ಯಾರು ನಾಚಬೇಕು, ಆಮೇಲೆ ಏನಾಗಬೇಕು ಎಂಬ ಒಂದು ಕಥಾಸೂತ್ರವನ್ನು ನಾವು ಸಮಾಜದಿಂದ ಕಲಿತು ಅದರಂತೆ ನಡೆಯುತ್ತೇವೆ ಎಂಬುದು ಅವರ ವಾದ. ಅದಕ್ಕೂ ಕೆಲವು ವರ್ಷ ಮೊದಲೇ ಸಂವಹನ ಸಂಶೋಧಕ ಜಾರ್ಜ್ ಗರ್ಬ್ನರ್ ಟಿವಿ ಕುರಿತು ತಮ್ಮ ಅಧ್ಯಯನವನ್ನು ಆರಂಭಿಸಿದ್ದರು. ಟಿವಿಯ ಮುಂದೆ ಹೆಚ್ಚು ಹೊತ್ತು ಕೂರುವವರು ನಿಜ ಜಗತ್ತೂ ಟಿವಿಯಲ್ಲಿರುವಂತೆಯೇ ಇದೆಯೆಂದು ಬರಬರುತ್ತ ನಂಬತೊಡಗುತ್ತಾರೆ ಎಂಬುದು ಅವರು ಕಂಡದ್ದು. ಒಂದು ದೃಶ್ಯ ಒಬ್ಬನನ್ನು ಒಂದು ಸಂಜೆಯಲ್ಲಿ ಕೆಡಿಸಿತು ಎಂದು ಇವರಾರೂ ಹೇಳಲಿಲ್ಲ. ಮಾಧ್ಯಮದ ಪ್ರಭಾವ ನಮ್ಮ ಕಡೆಯ ಜಿಟಿಜಿಟಿ ಮಳೆಯ ಹಾಗೆ. ಯಾವ ಹನಿ ಗೋಡೆಯನ್ನು ನೆನೆಸಿತೆಂದು ಕೇಳಿದರೆ ಉತ್ತರವಿಲ್ಲ.

ನೇರ ಪರಿಣಾಮದ ಪ್ರಶ್ನೆಗೆ ಸಂಶೋಧನೆ ಕೊಡುವ ಉತ್ತರ ನಿಮ್ಮ ಯಜಮಾನರಿಗೆ ಅಷ್ಟು ಸಮಾಧಾನ ತರಲಾರದು. ಟಿವಿಯಲ್ಲಿ ಲೈಂಗಿಕ ವಿಷಯಗಳನ್ನು ಹೆಚ್ಚು ನೋಡಿದ ಹದಿಹರೆಯದವರು ಮುಂದೆ ಬೇಗ ಲೈಂಗಿಕ ಸಂಬಂಧಕ್ಕೆ ತೊಡಗುತ್ತಾರೆ ಎಂದು 2004ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯ ಅಧ್ಯಯನವೊಂದು ಹೇಳಿತು. ಅದರ ಬೆನ್ನಿಗೆ 2006ರಲ್ಲಿ ಬಂದ ಇನ್ನೊಂದು ಅಧ್ಯಯನವೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ಆದರೆ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಕ್ಯಾಥರಿನ್ ಮೊನಹನ್ 2011ರಲ್ಲಿ ಆ ಎರಡನೆಯ ಅಧ್ಯಯನದ ದತ್ತಾಂಶವನ್ನೇ ತೆಗೆದುಕೊಂಡು, ನೋಡುವ ಮಕ್ಕಳಿಗೂ ನೋಡದ ಮಕ್ಕಳಿಗೂ ಮೊದಲಿನಿಂದ ಇದ್ದ ವ್ಯತ್ಯಾಸಗಳನ್ನು ಸರಿದೂಗಿಸಿ ಮತ್ತೆ ಲೆಕ್ಕ ಹಾಕಿದಾಗ ಆ ಪರಿಣಾಮ ಕಾಣಲಿಲ್ಲ. ಕುತೂಹಲ ಮೊದಲೇ ಹುಟ್ಟಿದ ಮಕ್ಕಳು ಅಂಥದ್ದನ್ನು ತಾವಾಗಿ ಹುಡುಕಿಕೊಂಡು ಹೋಗುತ್ತಾರೆ ಎಂಬುದೂ ಅಷ್ಟೇ ನಿಜ. ಈ ಜಗಳ ಸಂಶೋಧಕರ ನಡುವೆ ಇನ್ನೂ ಮುಗಿದಿಲ್ಲ, ಹಾಗಾಗಿ ‘ಮೊಬೈಲು ಕೆಡಿಸಿತು’ ಎಂಬ ತೀರ್ಪಿಗೆ ನಾನು ಸಹಿ ಹಾಕಲಾರೆ.

ಆದರೆ ಯಾವುದು ಸರಿ, ಯಾವುದು ರೂಢಿ ಎಂಬ ನಂಬಿಕೆಯನ್ನು ಮಾಧ್ಯಮ ಬದಲಿಸುತ್ತದೆ ಎನ್ನಲು ಪುರಾವೆ ಇದಕ್ಕಿಂತ ಗಟ್ಟಿಯಾಗಿದೆ, ಅದೂ ನಮ್ಮ ದೇಶದ್ದೇ. ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ ಎಂಬ ಅರ್ಥಶಾಸ್ತ್ರಜ್ಞರು 2001ರಿಂದ 2003ರವರೆಗೆ ತಮಿಳುನಾಡು, ಬಿಹಾರ, ಹರಿಯಾಣ, ಗೋವಾ, ದೆಹಲಿಗಳಲ್ಲಿ ಮಾಹಿತಿ ಸಂಗ್ರಹಿಸಿ, ಕೇಬಲ್ ಟಿವಿ ಹೊಸದಾಗಿ ಬಂದ ಹಳ್ಳಿಗಳನ್ನು ಬಾರದ ಹಳ್ಳಿಗಳೊಡನೆ ಹೋಲಿಸಿದರು. ಗಂಡ ಹೆಂಡತಿಗೆ ಹೊಡೆಯುವುದು ತಪ್ಪಲ್ಲ ಎನ್ನುವ ಹೆಂಗಸರ ಪ್ರಮಾಣವೂ ಗಂಡುಮಗುವೇ ಬೇಕೆಂಬ ಹಂಬಲವೂ ಕೇಬಲ್ ಬಂದ ಊರುಗಳಲ್ಲಿ ಇಳಿದಿತ್ತು. ಬ್ರೆಜಿಲಿನಲ್ಲಿ ಗ್ಲೋಬೊ ವಾಹಿನಿ ತಲುಪಿದ ಪ್ರದೇಶಗಳಲ್ಲಿ ಹೆಂಗಸರು ಹೆರುವ ಮಕ್ಕಳ ಸಂಖ್ಯೆ ಕಡಿಮೆಯಾದದ್ದನ್ನು 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅಲ್ಲಿನ ಧಾರಾವಾಹಿಗಳ ಬಹುಪಾಲು ನಾಯಕಿಯರಿಗೆ ಮಕ್ಕಳಿಲ್ಲ, ಇದ್ದರೂ ಹೆಚ್ಚಾಗಿ ಒಂದೇ. ಎರಡೂ ಕಡೆ ಯಾರೂ ಭಾಷಣ ಬಿಗಿದಿರಲಿಲ್ಲ. ಬದುಕು ಹೀಗೂ ಇರಬಹುದೆಂದು ದಿನವೂ ಕಣ್ಣಿಗೆ ಬಿದ್ದದ್ದಷ್ಟೇ ಸಾಕಾಯಿತು. ಒಳ್ಳೆಯ ದಿಕ್ಕಿನಲ್ಲಿ ಇಷ್ಟು ಕೆಲಸ ಮಾಡಬಲ್ಲದ್ದು ಕೆಟ್ಟ ದಿಕ್ಕಿನಲ್ಲಿ ಮಾಡಲಾರದೆಂದು ನಂಬಲು ನನಗೆ ಕಾರಣ ಸಿಕ್ಕಿಲ್ಲ.

ಈಗ ನಿಮ್ಮ ಮಗನ ಮಾತಿಗೆ ಬರೋಣ. ‘ಅವಳಿಗೂ ಇಷ್ಟ ಇದೆ, ಸುಮ್ಮನೆ ಹಾಗಂತಾಳೆ.’ ಈ ವಾಕ್ಯವನ್ನು ಅವನು ಯಾವ ಅಶ್ಲೀಲ ವಿಡಿಯೊದಿಂದಲೂ ಕಲಿತಿರಲಾರ. ನೀವೆಲ್ಲ ಮನೆಮಂದಿ ಒಟ್ಟಿಗೆ ಕೂತು, ಹಬ್ಬದ ದಿನ ಟಿವಿಯಲ್ಲಿ ನೋಡಿದ ಚಿತ್ರಗಳೇ ಅವನಿಗೆ ಅದನ್ನು ಕಲಿಸಿರಬೇಕು. ನಾಯಕ ಹುಡುಗಿಯನ್ನು ಕಾಣುತ್ತಾನೆ, ಅವಳು ಮುಖ ತಿರುಗಿಸುತ್ತಾಳೆ, ಅವನು ಅವಳ ಬಸ್ಸು ಹತ್ತುತ್ತಾನೆ, ಗೆಳೆಯರ ಪಟಾಲಂ ಕಟ್ಟಿಕೊಂಡು ಅವಳ ಸುತ್ತ ಕುಣಿಯುತ್ತಾನೆ, ಅವಳ ಮನೆಯ ಮುಂದೆ ಠಿಕಾಣಿ ಹೂಡುತ್ತಾನೆ, ಕೈಗೆ ಬ್ಲೇಡು ಹಾಕಿಕೊಳ್ಳುತ್ತಾನೆ. ಮಧ್ಯಂತರ ಬರುವಷ್ಟರಲ್ಲಿ ಅವಳಿಗೆ ಪ್ರೀತಿ ಹುಟ್ಟಿರುತ್ತದೆ. ಕನ್ನಡ, ತಮಿಳು, ತೆಲುಗು, ಹಿಂದಿ ಎಂಬ ಭೇದವಿಲ್ಲದೆ ಹಲವು ದಶಕಗಳಿಂದ ಇದೇ ಕಥೆ ನಡೆದುಬಂದಿದೆ. ಹುಡುಗಿ ನಿಜವಾಗಿಯೂ ಬೇಡವೆಂದದ್ದು, ನಾಯಕ ಅದನ್ನು ನಂಬಿ ದಾರಿ ಬಿಟ್ಟದ್ದು, ಆದರೂ ಅವನು ನಾಯಕನಾಗಿಯೇ ಉಳಿದದ್ದು ಎಷ್ಟು ಚಿತ್ರಗಳಲ್ಲಿದೆ ಎಂದು ನೀವೇ ಎಣಿಸಿ ನೋಡಿ. ಹುಡುಗಿಯನ್ನು ‘ಬೀಳಿಸುವುದು’ ಎಂದು ನಮ್ಮ ಕಾಲೇಜು ಹುಡುಗರು ಸಲೀಸಾಗಿ ಆಡುವ ಮಾತು ಈ ಕಥೆಯ ಒಂದು ಸಾಲಿನ ಸಾರಾಂಶ.

ನಮ್ಮ ಸೆನ್ಸಾರಿನ ನಡೆ ಇಲ್ಲಿ ವಿಚಿತ್ರವಾದದ್ದು. 1952ರ ಚಲನಚಿತ್ರ ಕಾಯ್ದೆಯ ಅಡಿಯಲ್ಲಿ ದಶಕಗಳ ಕಾಲ ಇಬ್ಬರು ಒಪ್ಪಿ ಕೊಟ್ಟುಕೊಳ್ಳುವ ಮುತ್ತು ಪರದೆಗೆ ಬರುವುದೇ ಅಪರೂಪವಾಗಿತ್ತು. ಎರಡು ಹೂವುಗಳು ತಾಗಿಕೊಂಡರೆ ಪ್ರೇಕ್ಷಕರು ಅರ್ಥ ಮಾಡಿಕೊಳ್ಳಬೇಕಿತ್ತು. ಕಥೆಗೆ ಬೇಕಿದ್ದಲ್ಲಿ ಮುತ್ತಿಗೆ ಅವಕಾಶವಿರಲಿ ಎಂದು ನ್ಯಾಯಮೂರ್ತಿ ಜಿ.ಡಿ. ಖೋಸ್ಲಾ ಸಮಿತಿ 1969ರಲ್ಲಿ ಹೇಳಿದಾಗ ದೊಡ್ಡ ಗಲಾಟೆಯಾಯಿತು. ಅದೇ ಕಾಲದಲ್ಲಿ ಖಳನಾಯಕ ಹೆಣ್ಣಿನ ಸೆರಗೆಳೆಯುವ ದೃಶ್ಯ, ನಾಯಕ ಹುಡುಗಿಯ ದಾರಿಗಡ್ಡ ನಿಂತು ಚುಡಾಯಿಸುವ ಹಾಡು ಎಲ್ಲ ವಯಸ್ಸಿನವರೂ ನೋಡಬಹುದಾದ ಚಿತ್ರಗಳಲ್ಲಿ ನಿರಾತಂಕವಾಗಿ ಬಂದುಹೋದವು. ಹೆಣ್ಣನ್ನು ಹೀನಾಯವಾಗಿ ಚಿತ್ರಿಸಬಾರದೆಂದು 1991ರ ಮಾರ್ಗಸೂಚಿ ಹೇಳುತ್ತದೆ. ಹಿಂಬಾಲಿಸುವ ಹಾಡು ಅದರ ಕಣ್ಣಿಗೆ ಬಿದ್ದಂತಿಲ್ಲ. 2023ರ ತಿದ್ದುಪಡಿಯಿಂದ ಯು/ಎ ಪ್ರಮಾಣಪತ್ರವನ್ನು ಏಳು, ಹದಿಮೂರು, ಹದಿನಾರು ವರ್ಷ ಮೇಲ್ಪಟ್ಟವರಿಗೆಂದು ಮೂರು ಭಾಗ ಮಾಡಿರುವುದು ತಂದೆತಾಯಿಯರಿಗೆ ಉಪಯೋಗದ್ದೇ. ಆದರೆ ಬಟ್ಟೆ, ರಕ್ತ, ಬೈಗುಳಗಳನ್ನು ಅಳೆದಷ್ಟು ಸುಲಭವಾಗಿ ಹುಡುಗಿಯ ಮಾತಿಗೆ ಚಿತ್ರದಲ್ಲಿ ಬೆಲೆಯಿದೆಯೇ ಎಂಬುದನ್ನು ಯಾವ ಪ್ರಮಾಣಪತ್ರವೂ ಅಳೆಯಲಾರದು. ಮನೆಯಲ್ಲೂ ನಾವು ಮಾಡುವುದು ಅದನ್ನೇ: ನಾಯಕಿಯ ತುಂಡು ಬಟ್ಟೆ ಕಂಡರೆ ರಿಮೋಟಿಗೆ ಕೈ ಹೋಗುತ್ತದೆ, ನಾಯಕ ಅವಳ ಕೈ ಹಿಡಿದೆಳೆದರೆ ನಗು ಬರುತ್ತದೆ.

ಹಿಂಬಾಲಿಸುವುದನ್ನು ಹೇಗೆ ತೋರಿಸುತ್ತೇವೆ ಎಂಬುದರಿಂದ ನೋಡುವವರ ಎಣಿಕೆ ಬದಲಾಗುತ್ತದೆಯೇ ಎಂದು ಅಮೆರಿಕದ ಸಂಶೋಧಕಿ ಜೂಲಿಯಾ ಲಿಪ್‌ಮನ್ ಪರೀಕ್ಷಿಸಿದ್ದಾರೆ. ಯುವತಿಯರಿಗೆ ಬೇರೆ ಬೇರೆ ಚಿತ್ರಗಳನ್ನು ತೋರಿಸಿದಾಗ, ಬೆನ್ನುಹತ್ತುವವನನ್ನು ಮುದ್ದಾದ ಪ್ರೇಮಿಯಾಗಿ ಕಾಣಿಸಿದ ಚಿತ್ರ ನೋಡಿದವರಿಗೂ ಅದನ್ನೇ ಭಯ ಹುಟ್ಟಿಸುವಂತೆ ಕಾಣಿಸಿದ ಚಿತ್ರ ನೋಡಿದವರಿಗೂ ಅಂತರ ಕಂಡಿತು. ಹಿಂಬಾಲಿಸುವುದು ಅಂಥ ದೊಡ್ಡ ತಪ್ಪೇನಲ್ಲ ಎಂಬ ಧೋರಣೆಯನ್ನು ಎರಡನೆಯವರು ಕಡಿಮೆ ಒಪ್ಪಿದರು. ಅಂದರೆ ಹುಡುಗರ ತಲೆ ಮಾತ್ರ ಅಲ್ಲ, ಹುಡುಗಿಯರ ತಲೆಯೂ ಇದರಿಂದ ರೂಪುಗೊಳ್ಳುತ್ತದೆ. ಕಿರುಕುಳವನ್ನು ಕಿರುಕುಳವೆಂದು ಗುರುತಿಸುವುದೇ ಅವರಿಗೆ ತಡವಾಗುತ್ತದೆ. 2015ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ರಾಜ್ಯದ ನ್ಯಾಯಾಲಯವೊಂದರಲ್ಲಿ, ಇಬ್ಬರು ಹೆಂಗಸರನ್ನು ಬಹುಕಾಲ ಕಾಡಿದ ಭಾರತೀಯನೊಬ್ಬನ ಪರವಾಗಿ ವಕೀಲರು ಹೇಳಿದ್ದು ಇದನ್ನೇ: ಅವನು ಹಿಂದಿ ಸಿನಿಮಾಗಳನ್ನು ನೋಡಿ ಬೆಳೆದವನು, ಬಿಡದೆ ಬೆನ್ನುಹತ್ತಿದರೆ ಹೆಣ್ಣು ಒಲಿಯುತ್ತಾಳೆಂದು ನಂಬಿದ್ದ. ಅವನು ಜೈಲಿನಿಂದ ಪಾರಾದ. ಆ ವಾದ ನ್ಯಾಯವೋ ಅಲ್ಲವೋ ಎಂಬ ಬಗ್ಗೆ ನನಗೆ ತಕರಾರಿದೆ, ಏಕೆಂದರೆ ಅದೇ ಸಿನಿಮಾಗಳನ್ನು ನೋಡಿದ ಕೋಟ್ಯಂತರ ಗಂಡಸರು ಯಾರನ್ನೂ ಕಾಡಲಿಲ್ಲ. ಆದರೆ ಆ ನಂಬಿಕೆ ಎಲ್ಲಿಂದ ಬಂತೆಂಬ ವಿವರಣೆಯನ್ನು ಮಾತ್ರ ತಳ್ಳಿಹಾಕಲಾಗದು.

ಮಲೆನಾಡಿನಲ್ಲಿ ಈ ಕಥೆಯ ಭಾರ ಹುಡುಗಿಯ ಮೇಲೆ ಹೇಗೆ ಬೀಳುತ್ತದೆಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ, ನೀವೂ ಇಲ್ಲಿಯವರೇ. ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಹಳ್ಳಿಗಳಿಂದ ಕಾಲೇಜಿಗೆ ಬರುವ ಎಷ್ಟೋ ಹುಡುಗಿಯರಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಅದನ್ನು ತಪ್ಪಿಸಿಕೊಂಡು ಬೇರೆ ಹೊತ್ತಿಗೆ, ಬೇರೆ ದಾರಿಯಲ್ಲಿ ಹೋಗುವ ಅನುಕೂಲ ಅವರಿಗಿಲ್ಲ. ಬಸ್ಸಿಳಿದ ಮೇಲೂ ತೋಟದ ನಡುವಿನ ದಾರಿಯಲ್ಲಿ ಒಂಟಿಯಾಗಿ ನಡೆಯಬೇಕು. ಯಾರೋ ಹಿಂದೆ ಬರುತ್ತಾನೆಂದು ಮನೆಯಲ್ಲಿ ಬಾಯಿಬಿಟ್ಟರೆ ಮೊದಲು ನಿಲ್ಲುವುದು ಹುಡುಗನ ಓಡಾಟವಲ್ಲ, ಅವಳ ಓದು. ಅದರ ಹಿಂದೆಯೇ ಜಾತಕ ಹೊರಬರುತ್ತದೆ. ಇದನ್ನು ಬಲ್ಲ ಹುಡುಗಿ ಬಾಯಿಮುಚ್ಚಿಕೊಂಡಿರುತ್ತಾಳೆ, ಆ ಮೌನವನ್ನು ಹುಡುಗ ಒಪ್ಪಿಗೆಯೆಂದು ಓದಿಕೊಳ್ಳುತ್ತಾನೆ. ನಿಮ್ಮ ಮಗನ ಸಹಪಾಠಿ ಕಾಲೇಜಿನವರಿಗೆ ಹೇಳುವ ಧೈರ್ಯ ಮಾಡಿದ್ದು ಅವಳಿಗೆ ಮಾತ್ರವಲ್ಲ, ನಿಮ್ಮ ಮಗನಿಗೂ ಒಳ್ಳೆಯದಾಯಿತು.

ಏಕೆಂದರೆ ಕಾನೂನು ಸಿನಿಮಾ ನೋಡಿ ಬರೆದದ್ದಲ್ಲ. ಒಲ್ಲೆನೆಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಹೆಣ್ಣನ್ನು ಮತ್ತೆ ಮತ್ತೆ ಹಿಂಬಾಲಿಸುವುದು 2013ರಿಂದ ಪ್ರತ್ಯೇಕ ಅಪರಾಧ. ಈಗಿನ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಲ್ಲಿ ಅದಕ್ಕೆ ಮೊದಲ ಸಲ ಮೂರು ವರ್ಷದವರೆಗೆ, ಮರುಕಳಿಸಿದರೆ ಐದು ವರ್ಷದವರೆಗೆ ಶಿಕ್ಷೆಯಿದೆ. ಹುಡುಗಿಗೆ ಹದಿನೆಂಟು ತುಂಬಿಲ್ಲದಿದ್ದರೆ 2012ರ ಪೋಕ್ಸೊ ಕಾಯ್ದೆಯೂ ಬರಬಹುದು. ನಿಮ್ಮ ಮಗನೂ ಹದಿನೆಂಟರೊಳಗಿನವನಾದ್ದರಿಂದ ಪ್ರಕರಣ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಹದಿನೆಂಟರ ಕೆಳಗಿನವರೊಡನೆ ದೈಹಿಕ ಸಂಬಂಧಕ್ಕೆ, ಅವರು ಒಪ್ಪಿದ್ದರೂ, ಕಾನೂನಿನಲ್ಲಿ ಒಪ್ಪಿಗೆಯೆಂಬುದೇ ಇಲ್ಲವೆಂಬುದನ್ನು ಅವನಿಗೆ ಬಿಡಿಸಿ ಹೇಳಿ. ಕಾಲೇಜು ಪ್ರೇಮದ ಯಾವ ಚಿತ್ರವೂ ಅದನ್ನು ಹೇಳುವುದಿಲ್ಲ.

ವಿಡಿಯೊಗಳ ವಿಷಯ. ಆ ವಯಸ್ಸಿನ ಕುತೂಹಲ ರೋಗವಲ್ಲ, ಅದಕ್ಕಾಗಿ ಹುಡುಗನನ್ನು ಪಾಪಿಯಂತೆ ನಿಲ್ಲಿಸಬೇಡಿ. ನನ್ನ ಚಿಂತೆ ಬೇರೆ: ಬೇರೆ ಯಾವ ಪಾಠವೂ ಸಿಗದ ಹುಡುಗನಿಗೆ ಅದೇ ಪಠ್ಯಪುಸ್ತಕವಾಗುತ್ತದೆ. ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ, ಯಾರಿಗೂ ಆಯಾಸವಿಲ್ಲ, ಸಂಕೋಚವಿಲ್ಲ, ಬಸಿರಿನ ಭಯವಿಲ್ಲ, ಕಾಂಡೋಮ್ ಇಲ್ಲ. ಹೆಣ್ಣಿನ ಸಂಕಟವನ್ನೂ ಸುಖವೆಂದು ತೋರಿಸಲಾಗುತ್ತದೆ. ಅದು ನಟನೆ, ಹಲವು ಗಂಟೆಗಳ ಚಿತ್ರೀಕರಣವನ್ನು ಕತ್ತರಿಸಿ ಜೋಡಿಸಿದ್ದು ಎಂದು ಹುಡುಗನಿಗೆ ಯಾರೂ ಹೇಳಿರುವುದಿಲ್ಲ. ಇದನ್ನೇ ಅಳತೆಗೋಲಾಗಿಸಿಕೊಂಡ ಗಂಡಸರು ಮದುವೆಯಾದ ಮೇಲೆ ತಮ್ಮಲ್ಲೇನೋ ಕೊರತೆಯಿದೆಯೆಂದು ನನ್ನಂಥವರ ಬಳಿ ಬರುತ್ತಾರೆ. ಐದು ದೇಶಗಳ ಐನೂರು ದಂಪತಿಗಳನ್ನು ಕುರಿತು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಂಭೋಗದ ಮಧ್ಯಮ ಅವಧಿ 5.4 ನಿಮಿಷ ಎಂದು ಕಂಡುಬಂದಿತ್ತೆಂದು ತಿಳಿಸಿದಾಗ ಅವರಲ್ಲಿ ಹಲವರು ಮೊದಲು ನಂಬುವುದಿಲ್ಲ, ಆಮೇಲೆ ನಿರಾಳವಾಗಿ ಉಸಿರು ಬಿಡುತ್ತಾರೆ.

ಈ ಅಂಜಿಕೆಯನ್ನು ಮೊಬೈಲು ಹೊಸದಾಗಿ ತಂದದ್ದೇನೂ ಅಲ್ಲ. ಬಸ್ ನಿಲ್ದಾಣದ ಗೋಡೆಯ ಮೇಲೆ, ಮೂತ್ರಾಲಯದ ಬಾಗಿಲ ಮೇಲೆ, ಪತ್ರಿಕೆಯ ಮೂಲೆಯಲ್ಲಿ ‘ಗುಪ್ತರೋಗ ತಜ್ಞರು ಇಂಥ ದಿನ ಇಂಥ ಲಾಡ್ಜಿನಲ್ಲಿ ಸಿಗುತ್ತಾರೆ’ ಎಂದು ಬರುವ ಜಾಹೀರಾತೂ ಜನಪ್ರಿಯ ಮಾಧ್ಯಮವೇ, ಮತ್ತು ಮಲೆನಾಡಿನ ಗಂಡಸರ ಲೈಂಗಿಕ ತಿಳಿವಳಿಕೆಯನ್ನು ಅದರಷ್ಟು ಹಾಳುಮಾಡಿದ್ದು ಇನ್ನೊಂದಿಲ್ಲವೆಂದು ನನ್ನ ಅನಿಸಿಕೆ. ವೀರ್ಯ ಹೋದರೆ ಶಕ್ತಿಯೇ ಹೋಯಿತು, ನಿದ್ದೆಯಲ್ಲಿ ಆಗುವ ಸ್ಖಲನ ರೋಗ ಎಂಬ ಭಯವನ್ನು ಮೊದಲು ಹುಟ್ಟಿಸಿ, ಬಳಿಕ ಪುಡಿ, ಲೇಹ್ಯ ಮಾರುವ ವ್ಯಾಪಾರ ಅದು. ಈ ಭಯದಿಂದ ಬರುವ ಸುಸ್ತು, ಖಿನ್ನತೆ, ನಿಶ್ಶಕ್ತಿಯ ಅನುಭವಕ್ಕೆ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಲೈಂಗಿಕ ಸಾಮರ್ಥ್ಯ ಹೆಚ್ಚಿಸುವುದಾಗಿ ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆ ನಿಷೇಧಿಸಿದೆ. ಗೋಡೆಗಳು ಆ ಕಾಯ್ದೆಯನ್ನು ಓದಿದಂತಿಲ್ಲ. ಹದಿನಾರರ ಹುಡುಗನಿಗೆ ಹಸ್ತಮೈಥುನವಾಗಲಿ ಸ್ವಪ್ನಸ್ಖಲನವಾಗಲಿ ರೋಗವಲ್ಲವೆಂದು ಅವನ ತಂದೆ ಒಮ್ಮೆ ಹೇಳಿಬಿಟ್ಟರೆ ಮುಂದೆ ಲಾಡ್ಜಿನ ಮೆಟ್ಟಿಲು ಹತ್ತುವುದು ತಪ್ಪುತ್ತದೆ.

ಎರಡು ಎಚ್ಚರಿಕೆಗಳನ್ನು ಮಾತ್ರ ಬಿಡುವಂತಿಲ್ಲ. ಹದಿನೆಂಟರ ಕೆಳಗಿನವರಿರುವ ಲೈಂಗಿಕ ದೃಶ್ಯವನ್ನು ಇಟ್ಟುಕೊಳ್ಳುವುದೂ ಅಪರಾಧವಾಗಬಹುದೆಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಹಾಸ್ಟೆಲಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಕಳಿಸಿದ ಸಹಪಾಠಿಯ ಅಂಥ ಚಿತ್ರವೂ ಇದರಲ್ಲಿ ಸೇರುತ್ತದೆ, ಅದನ್ನು ಮುಂದಕ್ಕೆ ಕಳಿಸಿದವನೂ ಸಿಕ್ಕಿಬೀಳುತ್ತಾನೆ. ಇನ್ನೊಂದು, ನೋಡುವುದನ್ನು ತನ್ನಿಂದ ನಿಲ್ಲಿಸಲಾಗುತ್ತಿಲ್ಲ, ಓದು, ನಿದ್ದೆ ಹಾಳಾಗುತ್ತಿದೆ ಎಂದು ಹುಡುಗ ತಾನೇ ಹೇಳಿದರೆ ಅದನ್ನು ಉಡಾಫೆ ಮಾಡಬೇಡಿ. ಹತೋಟಿ ತಪ್ಪಿದ ಲೈಂಗಿಕ ನಡವಳಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಹನ್ನೊಂದನೆಯ ಪಟ್ಟಿಯಲ್ಲಿ ಸೇರಿಸಿದೆ, ಅದಕ್ಕೆ ಚಿಕಿತ್ಸೆಯೂ ಇದೆ. ಕದ್ದು ನೋಡಿ ಸಿಕ್ಕಿಬಿದ್ದ ಮಾತ್ರಕ್ಕೆ ಆ ಹಣೆಪಟ್ಟಿ ಹಚ್ಚಬಾರದು ಎಂಬುದೂ ಅಷ್ಟೇ ಮುಖ್ಯ.

ಮಾಧ್ಯಮವೆಂದರೆ ಕೇಡೇ ಎಂಬಂತೆ ಬರೆದೆನೇನೋ. ಹಾಗಲ್ಲ. ತೀರ್ಥಹಳ್ಳಿಯಲ್ಲಿ ಹುಟ್ಟಿದ ವೈದ್ಯೆ ಡಾ. ಅನುಪಮಾ ನಿರಂಜನ, ಮೈನೆರೆದ ಹುಡುಗಿಗೆ, ಹೊಸದಾಗಿ ಮದುವೆಯಾದವಳಿಗೆ, ಬಸುರಿಗೆ ಬೇಕಾದ ವಿಷಯಗಳನ್ನು ಸರಳ ಕನ್ನಡದಲ್ಲಿ ಬರೆದರು. ತಾಯಂದಿರು ಬಾಯಿಬಿಟ್ಟು ಹೇಳಲಾಗದ್ದನ್ನು ‘ಕೇಳು ಕಿಶೋರಿ’, ‘ದಾಂಪತ್ಯ ದೀಪಿಕೆ’ಗಳು ಕನ್ನಡದ ಮನೆಗಳಲ್ಲಿ ಹೇಳಿದವು. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ಮನಸ್ಸಿನ ತೊಡಕುಗಳನ್ನು ಅಂಕಣಗಳಲ್ಲೂ ಚಲನಚಿತ್ರಗಳಲ್ಲೂ ಜನರ ಮುಂದಿಟ್ಟರು. ಗೋಡೆಗಳ ಮೇಲಿನ ಕೆಂಪು ತ್ರಿಕೋನ ಕುಟುಂಬ ಯೋಜನೆಯನ್ನು ಸಂಕೋಚವಿಲ್ಲದ ಮಾತಾಗಿಸಿತು. ಹೀಗೆ ತೆರೆದ ಬಾಗಿಲನ್ನು ನಾವೇ ಆಗಾಗ ಮುಚ್ಚಿದ್ದೂ ಇದೆ: 2017ರ ಡಿಸೆಂಬರಿನಲ್ಲಿ ಕಾಂಡೋಮಿನ ಜಾಹೀರಾತು ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಟಿವಿಯಲ್ಲಿ ಬರಕೂಡದೆಂದು ಕೇಂದ್ರ ಸರ್ಕಾರ ಸೂಚಿಸಿತು. ಅದೇ ಹೊತ್ತಿನಲ್ಲಿ ಬರುತ್ತಿದ್ದ ಹಿಂಬಾಲಿಸುವ ಹಾಡುಗಳಿಗೆ ಯಾವ ವೇಳಾಪಟ್ಟಿಯೂ ಇರಲಿಲ್ಲ.

ಶಾಲೆಯೂ ಈ ಹೊಣೆ ಹೊರಲಿಲ್ಲ. ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವೊಂದು ಕೇಂದ್ರದಿಂದ ಬಂದಾಗ 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ತಡೆಹಿಡಿದವು, ಮಕ್ಕಳು ಕೆಡುತ್ತಾರೆಂಬ ಕಾರಣ ಕೊಟ್ಟು. ಲೈಂಗಿಕ ಶಿಕ್ಷಣದಿಂದ ಮಕ್ಕಳು ಬೇಗ ಲೈಂಗಿಕ ಚಟುವಟಿಕೆಗೆ ತೊಡಗುವುದಿಲ್ಲವೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ಯುನೆಸ್ಕೊ ತನ್ನ 2018ರ ಮಾರ್ಗದರ್ಶಿಯಲ್ಲಿ ಹೇಳಿದೆ. ನಾವು ಬೇಡವೆಂದ ಪಾಠದ ಜಾಗ ಖಾಲಿ ಉಳಿಯಲಿಲ್ಲ. 2016ರ ನಂತರ ಡೇಟಾ ಅಗ್ಗವಾಯಿತು. 2020ರಲ್ಲಿ ಕೊರೊನಾ ಬಂದು, ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ ಪಾಠ ಕೇಳಲೆಂದು ನಾವೇ ಮಕ್ಕಳ ಕೈಗೆ ಮೊಬೈಲ್ ಕೊಟ್ಟೆವು. ಹುಡುಗನಿಗೆ ಗುರು ಸಿಕ್ಕಿದ್ದು ಹೀಗೆ.

ಇನ್ನು ಮಗಳು ಮತ್ತು ಅಜ್ಜಿ. ಧಾರಾವಾಹಿಯಲ್ಲಿ ಮೈ ಕಾಣುವುದಿಲ್ಲ, ರೇಷ್ಮೆ ಸೀರೆ, ದೇವರಮನೆ, ಕಾಲಿಗೆ ಬೀಳುವುದು ಇರುತ್ತದೆ, ಅದಕ್ಕೇ ಅದು ನಿರಪಾಯವೆಂದು ತೋರುತ್ತದೆ. ಆದರೆ ಲೈಂಗಿಕತೆಯ ಬಗ್ಗೆ ಸಂಜೆಯಿಂದ ರಾತ್ರಿಯವರೆಗೆ ಪಾಠ ನಡೆಯುವುದು ಅಲ್ಲಿಯೇ. ಹೆಣ್ಣಿನ ಬೆಲೆ ಅವಳ ಶೀಲದಲ್ಲಿದೆ, ಗಂಡ ಸಂಶಯಪಟ್ಟರೆ ಅವಳು ಅಗ್ನಿಪರೀಕ್ಷೆಗೆ ನಿಲ್ಲಬೇಕು, ಬಲವಂತದ ತಾಳಿಯೂ ತಾಳಿಯೇ, ಬಂಜೆಯೆನಿಸಿಕೊಂಡವಳು ಮೂಲೆಗೆ ಸರಿಯಬೇಕು, ಗಂಡಿನ ಚಪಲವನ್ನು ಸಹಿಸಿ ಗೆದ್ದುಕೊಳ್ಳುವವಳೇ ಒಳ್ಳೆಯ ಹೆಂಡತಿ. ಹದಿಮೂರರ ಆಸುಪಾಸಿನ ಹುಡುಗಿ, ಅದರಲ್ಲೂ ಜೊತೆಯವರಿಗಿಂತ ಬೇಗ ಮೈನೆರೆದವಳು, ತನ್ನ ದೇಹದ ಬಗ್ಗೆ ಕೇಳಬೇಕಾದ್ದನ್ನು ಯಾರನ್ನೂ ಕೇಳಲಾಗದೆ ಮಾಧ್ಯಮವನ್ನೇ ಹಿರಿಯ ಗೆಳತಿಯಾಗಿಸಿಕೊಳ್ಳುತ್ತಾಳೆ ಎಂದು ಅಮೆರಿಕದ ಸಂಶೋಧಕಿ ಜೇನ್ ಬ್ರೌನ್ ಮತ್ತು ಸಂಗಡಿಗರು 2005ರಲ್ಲಿ ಗುರುತಿಸಿದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ, ಕೆಲವು ಸಂದರ್ಭಗಳಲ್ಲಾದರೂ ಗಂಡ ಹೊಡೆಯುವುದು ಸರಿ ಎಂದು ಕರ್ನಾಟಕದ ಹೆಂಗಸರಲ್ಲಿ ಶೇ 77ರಷ್ಟು ಮಂದಿ ಹೇಳಿದ್ದರು. ಇದೆಲ್ಲ ಧಾರಾವಾಹಿಯ ಕೆಲಸವೆನ್ನಲಾರೆ; ಆ ನಂಬಿಕೆಗೆ ದಿನವೂ ನೀರೆರೆಯುವವರು ಯಾರೆಂದು ಕೇಳಿದರೆ ಮಾತ್ರ ಅದನ್ನು ಹೊರಗಿಡಲಾರೆ.

ಹಾಗೆಂದು ಟಿವಿ ಆರಿಸಬೇಡಿ, ಅಜ್ಜಿಯ ಸಂಜೆ ಕಸಿಯುವುದು ಅನ್ಯಾಯ. ವಾರದಲ್ಲಿ ಒಂದೆರಡು ದಿನ ನೀವೂ ಕೂತು, ‘ಅವಳು ಏಕೆ ಸುಮ್ಮನಿದ್ದಾಳೆ? ನೀನಾಗಿದ್ದರೆ ಏನು ಮಾಡುತ್ತಿದ್ದೆ?’ ಎಂದು ಮಗಳನ್ನು ಕೇಳಿ. ಬುದ್ಧಿ ಹೇಳುವುದಕ್ಕಿಂತ ಕೇಳುವುದು ಕೆಲಸ ಮಾಡುತ್ತದೆ. ಚಿತ್ರ ನೋಡಿ ಮಾತಾಡುವ ಅಭ್ಯಾಸ ನಮ್ಮ ಜಿಲ್ಲೆಗೆ ಹೊಸದಲ್ಲ, ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜವನ್ನು ಆರಂಭಿಸಿದ್ದು 1973ರಲ್ಲಿ. ಹಳ್ಳಿಯ ಜನ ಜಗತ್ತಿನ ಚಿತ್ರಗಳನ್ನು ನೋಡಿ ಚರ್ಚಿಸಬಲ್ಲರೆಂದು ಅವರು ನಂಬಿದರು. ನಿಮ್ಮ ಜಗಲಿಯಲ್ಲಿ ಒಂದು ಹಾಡಿನ ಬಗ್ಗೆ ಹತ್ತು ನಿಮಿಷ ಮಾತಾಡುವುದು ಅದಕ್ಕಿಂತ ಸುಲಭ.

ಮಗನ ವಿಷಯದಲ್ಲಿ ಮೊದಲ ಕೆಲಸ ತಂದೆಯದು, ಏಕೆಂದರೆ ಇದನ್ನು ಗಂಡಸಿನ ಬಾಯಿಂದ ಕೇಳುವುದು ಅವನಿಗೆ ಬೇಕಾಗಿದೆ. ಬೈಗುಳವಾಗಲಿ ಕುಲದ ಮರ್ಯಾದೆಯ ಮಾತಾಗಲಿ ಬೇಡ. ಅವಳು ಬೇಡವೆಂದದ್ದು ಬೇಡವೆಂದೇ, ಅವಳಿಗೆ ಮನಸ್ಸು ಬದಲಾದರೆ ಅವಳೇ ಹೇಳುತ್ತಾಳೆ, ಹೇಳದಿದ್ದರೆ ಅಲ್ಲಿಗೆ ಮುಗಿಯಿತು ಎಂಬಷ್ಟು ಸಾಕು. ತಿರಸ್ಕಾರ ನೋವು ಕೊಡುತ್ತದೆಂದೂ ಆ ನೋವು ಕಳೆಯುತ್ತದೆಂದೂ ಸೇರಿಸಿ ಹೇಳಲಿ. ಸೋತ ಪ್ರೇಮಿಗೆ ನಮ್ಮ ಚಿತ್ರಗಳು ಕುಡಿತ ಇಲ್ಲವೇ ಸೇಡು, ಎರಡೇ ದಾರಿ ಕೊಟ್ಟಿವೆ. ಕ್ಷಮೆ ಕೇಳಲೆಂದು ಅವನನ್ನು ಆ ಹುಡುಗಿಯ ಬಳಿ ಕಳಿಸಬೇಡಿ, ಪತ್ರವನ್ನೂ ಬರೆಸಬೇಡಿ, ನೀವೂ ಅವಳ ಮನೆಗೆ ಹೋಗಬೇಡಿ. ಅದು ಅವಳ ದಾರಿಗೆ ಮತ್ತೊಮ್ಮೆ ಅಡ್ಡ ನಿಂತಂತೆ, ಅವಳ ಮನೆಯವರಿಗೆ ವಿಷಯ ಗೊತ್ತಿಲ್ಲದಿದ್ದರೆ ಅವಳ ಓದಿಗೇ ಕುತ್ತು. ಹೇಳಬೇಕಾದ್ದನ್ನು ಕಾಲೇಜಿನವರ ಮೂಲಕ ಹೇಳಿ, ಅವನು ಕಾಲೇಜಿಗೆ ಹೋಗುವ ಹೊತ್ತು, ದಾರಿ ಬದಲಿಸಲಿ, ಅವಳು ಬದಲಿಸುವಂತಾಗಬಾರದು.

ಮೊಬೈಲನ್ನು ಹಿಂದಿರುಗಿಸಿ. ಕಿತ್ತಿಟ್ಟರೆ ಹಾಸ್ಟೆಲಿನಲ್ಲಿ ಪಕ್ಕದ ಹುಡುಗನ ಮೊಬೈಲು ಇದ್ದೇ ಇರುತ್ತದೆ, ನಿಮ್ಮ ಬಳಿ ಮಾತಾಡುವ ಧೈರ್ಯ ಮಾತ್ರ ಹೋಗುತ್ತದೆ. ರಾತ್ರಿ ಮಲಗುವಾಗ ಅದು ಹಾಸಿಗೆಯಿಂದ ದೂರವಿರಲಿ ಎಂಬ ಕಟ್ಟುಪಾಡು ಸಾಕು. ಮನೆಯ ಟಿವಿಯಲ್ಲಿ ಒಟಿಟಿ ಇದ್ದರೆ, ಹದಿಮೂರರ ಮೇಲಿನ ವರ್ಗಗಳಿಗೆ ಪೋಷಕರ ಬೀಗ ಒದಗಿಸಬೇಕೆಂದು 2021ರ ನಿಯಮವಿದೆ, ಮಗಳಿಗಾಗಿ ಅದನ್ನು ಬಳಸಿ. ನಿಮ್ಮಿಂದ ಹೇಳಲಾಗದ ವಿಷಯಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ‘ಸ್ನೇಹ ಕ್ಲಿನಿಕ್’ ಇದೆ. ಮುಖ ತೋರಿಸಲು ನಾಚುವ ಹುಡುಗ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಾಸ್ಟೆಲಿನಿಂದಲೇ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು. ಅವನು ಬೇಡವೆಂದ ಹುಡುಗಿಯ ಹಿಂದೆ ಮತ್ತೆ ಹೋದದ್ದು ತಿಳಿದುಬಂದರೆ ಮಾತ್ರ ತಡಮಾಡದೆ ಕರೆದುಕೊಂಡು ಬನ್ನಿ, ತಂದೆಯೂ ಜೊತೆಗೆ ಬರಲಿ.